ಮನೆ ಯಜಮಾನನ ಹೆಸರು

೧೭ ನವೆಂಬರ್ ೧೯೮೬, ಸಂಶಿ

ನಾನು ಎಸ್ಸೆಸ್ಸೆಲ್ಸಿ ನಪಾಸಾದವಳಲ್ಲ. ಪರೀಕ್ಷೆಗೆ ಕೂತೇ ಇಲ್ಲ. ಒಂದೂವರೆ ವರ್ಷದಿಂದ ಇದನ್ನು ಬಚ್ಚಿಟ್ಟಿದ್ದೇನೆ. ಮೊದಲ ದಿನ ಕುಂದಗೋಳದ ಪರೀಕ್ಷಾ ಕೇಂದ್ರಕ್ಕೆ ಮುಕ್ಕಾಲು ತಾಸು ತಡವಾಗಿ ಹೋದೆ, ಒಳಗೆ ಬಿಡಲಿಲ್ಲ. ಉಳಿದ ದಿನ ಬುತ್ತಿ ಕಟ್ಟಿಸಿಕೊಂಡು ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ತಿಂದು, ಸಂಜೆ ತಿರುಗಿ ಬಂದೆ. ಪೇಪರಿನಲ್ಲಿ ನನ್ನ ನಂಬರು ಬರಲಿಲ್ಲ. ಅವ್ವ ಅತ್ತಳು. ಅಪ್ಪ ಮಿರ್ಚಿ ಕಟ್ಟಿಸಿಕೊಂಡು ಬಂದು, "ಫೇಲ್ ಆದವರು ತಿನಬಾರದು ಅಂತ ಕಾಯ್ದೆ ಐತೇನ್ಲೇ?" ಎಂದ. ತಿಂದೆ.

ಯಾಕೆ ತಡವಾಯಿತು ಎಂಬುದನ್ನು ಇವತ್ತು ಬರೆಯುವುದಿಲ್ಲ.

ಇವತ್ತು ಒಬ್ಬರ ಮುಂದೆ ನಿಜ ಹೇಳಿಬಿಟ್ಟೆ, ಅದೂ ಗುರುತಿಲ್ಲದವರ ಮುಂದೆ. ಕುಂದಗೋಳದಲ್ಲಿ ಮನೆ ಮನೆಗೆ ಹೋಗಿ ಜನ ಎಷ್ಟು, ಗಳಿಕೆ ಎಷ್ಟು, ಗೋಡೆ ಎಂಥದು ಎಂದು ಬರೆದುಕೊಳ್ಳುವ ಸರ್ವೆ ನಡೆದಿದೆ. ಊರ ಅಂಚಿಗೆ ಬಡವರಿಗಾಗಿ ನಲವತ್ತು ಮನೆ ಕಟ್ಟಿಸಿದ್ದಾರಂತೆ, ಯಾರಿಗೆ ಕೊಡಬೇಕೆಂದು ಈ ಲೆಕ್ಕ. ಅದನ್ನು ನೋಡಿಕೊಳ್ಳುವವರು ಕುತುಬುದ್ದೀನ ಮಾಸ್ತರರು, ಪೆನ್ಶನ್ ಆದವರು. ಹೆಂಗಸರ ಜೊತೆ ಮಾತಾಡಲು ಒಬ್ಬ ಹುಡುಗಿ ಬೇಕಾಗಿತ್ತು.

"ಎಷ್ಟು ಓದೀದಿ?"

"ಹತ್ತನೇ ಇಯತ್ತೇರಿ. ಪರೀಕ್ಷಾಕ್ಕ ಕುಂತಿಲ್ಲ."

ಅವರು ಚಸ್ಮಾ ಮೇಲಕ್ಕೆತ್ತಿ ನೋಡಿದರು. "ಎಲ್ಲಾರೂ ಫೇಲ್ ಅಂತಾರ. ನೀ ಕುಂತ ಇಲ್ಲ ಅಂತಿ. ನಾಳಿಯಿಂದ ಬಾ."

೧೮ ನವೆಂಬರ್

ಮಾಸ್ತರರು ಎರಡು ಕಾಯ್ದೆ ಬಾಯಿಪಾಠ ಮಾಡಿಸಿದರು. ಒಂದು: ಒಂದು ಒಲೆಯ ಮೇಲೆ ಉಣ್ಣುವವರು ಒಂದು ಮನೆ. ಅಣ್ಣತಮ್ಮಂದಿರು ಒಂದೇ ಸೂರಿನ ಕೆಳಗಿದ್ದರೂ ಒಲೆ ಬೇರೆಯಾದರೆ ಮನೆ ಬೇರೆ. ಎರಡು: ಒಬ್ಬ ಮನುಷ್ಯ ಒಂದೇ ಕಡೆ. ಕಳೆದ ಆರು ತಿಂಗಳಲ್ಲಿ ಹೆಚ್ಚು ರಾತ್ರಿ ಎಲ್ಲಿ ಮಲಗಿದ್ದಾನೋ ಅಲ್ಲಿ ಬರೆಯಬೇಕು.

"ಕುರಿ ಎಣಿಸಿದ್ಹಂಗಲ್ಲ ಬೇ ಇದು," ಎಂದರು. "ಕುರಿ ಸಂಜಿಗೆ ಒಂದ ಹಟ್ಟಿಗೆ ಬರ್ತಾವು."

ಅಪ್ಪ ಕುಂದಗೋಳದ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್. ವಾರಕ್ಕೆ ನಾಲ್ಕು ರಾತ್ರಿ ಪಾಳಿ ಇರುವುದರಿಂದ ಅಲ್ಲೇ ಮಲಗುತ್ತಾನೆ, ಮೂರು ದಿನ ಸಂಶಿಗೆ ಬರುತ್ತಾನೆ. ಮಧ್ಯಾಹ್ನ ಮಿಲ್ಲಿಗೆ ಬಂದು ನಿನ್ನ ಜೊತೆಗೇ ಉಣ್ಣುತ್ತೇನೆ ಎಂದೆ. ಬೇಡ ಎಂದ. "ಆ ಕಡೆ ಬರಬ್ಯಾಡ ನೀಲವ್ವ. ಗಂಡಸರ ಗದ್ದಲ."

೨೪ ನವೆಂಬರ್

ಜನ ಎಷ್ಟು ಸುಳ್ಳು ಹೇಳುತ್ತಾರೆ. ರೇಡಿಯೋ ಇಲ್ಲ ಎನ್ನುತ್ತಾರೆ, ಒಳಗೆ ಕೌದಿಯಡಿ ಅದು ಹಾಡುತ್ತಿರುತ್ತದೆ. ಒಬ್ಬಳ ಅಂಗಳದಲ್ಲಿ ಕಟ್ಟಿದ ಎಮ್ಮೆ ಬೀಗರದಂತೆ. ಎಮ್ಮೆಯನ್ನು ತೋರಿಸಿ, "ಬೀಗರು ಬಂದಾಗ ಅವರನ್ನ ಕಟ್ಟಿ ಎಮ್ಮೀನ ಒಳಗ ಕರೀತೀರೇನ್ರಿ?" ಎಂದೆ. ಆ ಹೆಣ್ಣುಮಗಳು ಮಾಸ್ತರರಿಗೆ ದೂರು ಹೇಳಿದಳು. ಹೇಳಲಿ. ಎಮ್ಮೆಯನ್ನು ಬರೆದೇ ಬಂದೆ.

ಎಲ್ಲಕ್ಕಿಂತ ದೊಡ್ಡ ಪೀಡೆ ಮೊದಲನೆಯ ಪ್ರಶ್ನೆ, ಮನೆ ಯಜಮಾನನ ಹೆಸರು. ಯಾವ ಹೆಂಗಸೂ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಸೆರಗು ಕಚ್ಚಿ ನಗುತ್ತಾರೆ, ಬಾಜೂ ಮನೆಯವರನ್ನು ಕರೆಯುತ್ತಾರೆ. ಇವತ್ತು ಎಪ್ಪತ್ತರ ಮುದುಕಿಯೊಬ್ಬಳು ಹೊಸ ಮದುವಣಗಿತ್ತಿಯ ಹಾಗೆ ಒಡಪು ಕಟ್ಟಿ ಹೇಳಿದಳು: "ಬಾಗಿಲಿಗೆ ತೋರಣ, ಹೊಸ್ತಿಲಿಗೆ ಅರಿಷಿಣ, ಶಂಕ್ರಪ್ಪನ ಹೆಸರ ಹೇಳತೀನಿ ಮನಿಯಾಗಿಲ್ಲದ ಕ್ಷಣ." ಅಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಹೆಸರಿಗೆ ಹತ್ತು ನಿಮಿಷ.

೨ ಡಿಸೆಂಬರ್

ನಾಳೆಯಿಂದ ಮಿಲ್ಲಿನ ಹಿಂದಿನ ಜೋಪಡಿಗಳು. ಅಪ್ಪ ಬೇಡ ಎಂದಿದ್ದಾನೆ, ಆದರೆ ಮಾಸ್ತರರು ಹಚ್ಚಿದ ಕೆಲಸ.

ಇವತ್ತು ಮಿಲ್ಲಿನ ಗೇಟಿನ ಬಳಿಯ ಮನೆಯಲ್ಲಿ ಹೊಳೆಯಪ್ಪ ಎಂಬ ಕೂಲಿಯ ಗಳಿಕೆ ಬರೆದುಕೊಳ್ಳುತ್ತಿದ್ದೆ. ರಾತ್ರಿ ಪಾಳಿಯ ಪಗಾರವನ್ನು ಬೇರೆಯಾಗಿ ಹೇಳಿರಿ ಎಂದೆ.

"ಯಾವ ರಾತ್ರಿ ಪಾಳಿರಿ ಅಕ್ಕಾರ? ನಿಂತು ಮೂರು ವರ್ಷಾತು. ರಾತ್ರಿ ಇಲ್ಲೆ ನಾಯಿ ಅಷ್ಟ ಡ್ಯೂಟಿ ಮಾಡ್ತಾವು."

ಅವನಿಗೆ ಸರಿಯಾಗಿ ಗೊತ್ತಿಲ್ಲ. ಫಿಟ್ಟರರ ಪಾಳಿ ಬೇರೆ ಇರಬೇಕು.

೩ ಡಿಸೆಂಬರ್

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಒಟ್ಟು ಹನ್ನೊಂದು ಜೋಪಡಿ, ಇದು ಏಳನೆಯದು. ಗೋಡೆ ಹತ್ತಿಕಟ್ಟಿಗೆಗೆ ಮಣ್ಣು ಮೆತ್ತಿದ್ದು. ಮೇಲೆ ತಗಡು, ಮೂರು ಕಡೆ ತೂತು. ಕೋಣೆ ಒಂದು. ನೀರು ಮಿಲ್ಲಿನ ನಳದಿಂದ. ಹೆಂಗಸಿನ ಹೆಸರು ಫಕೀರವ್ವ, ಮೂವತ್ತು ವರ್ಷ, ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸ. ಮಗಳು ಲಕ್ಷ್ಮವ್ವ, ಆರು ವರ್ಷ, ಶಾಲೆಗೆ ಹೋಗುವುದಿಲ್ಲ.

"ಬರ್ರಿ ಅಕ್ಕಾರ, ನೆಲ ಥಂಡಿ ಐತಿ," ಎಂದು ಆಕೆ ಕೌದಿ ಹಾಸಿದಳು. ಕೂತೆ. ಯಜಮಾನನ ಹೆಸರು ಕೇಳಿದೆ. ಆಕೆಯೂ ಸೆರಗು ಕಚ್ಚಿದಳು. ಕೂಸನ್ನು ಮುಂದೆ ನೂಕಿದಳು.

"ನಮ್ಮಪ್ಪ ಮಡಿವಾಳೆಪ್ಪ. ಫಿಟ್ಟರ್," ಎಂದಿತು ಕೂಸು.

ಮಡಿವಾಳೆಪ್ಪ ನನ್ನ ಅಪ್ಪನ ಹೆಸರು. ಈ ಸೀಮೆಯಲ್ಲಿ ಓಣಿಗೊಬ್ಬ ಮಡಿವಾಳೆಪ್ಪ ಇದ್ದಾನೆ. ಮಿಲ್ಲಿನಲ್ಲಿ ಇಬ್ಬರು ಫಿಟ್ಟರರು ಇರಬಹುದು. ಹೀಗೆಲ್ಲ ಅಂದುಕೊಳ್ಳುತ್ತ, ಬರೆಯಲು ಫಾರ್ಮನ್ನು ಮೊಣಕಾಲಿನ ಮೇಲಿಂದ ಕೌದಿಯ ಮೇಲೆ ಇಟ್ಟೆ. ಫಾರ್ಮಿನ ಬದಿಗೆ ನೀಲಿ ತುಂಡೊಂದು ಇತ್ತು, ಅದರ ಮೇಲೆ ಮಸಿಯ ಕಲೆ. ಒಂಬತ್ತನೆಯ ಇಯತ್ತೆಯಲ್ಲಿ ದೌತಿ ಚೆಲ್ಲಿ ನನ್ನ ಶಾಲೆಯ ಲಂಗದ ಮೇಲಾದ ಕಲೆ. ಅದರ ಬಾಜೂ ಅವ್ವನ ಇಳಕಲ್ ಸೀರೆಯ ಸೆರಗು. ಹೋದ ವರ್ಷ ಥಂಡಿಯಲ್ಲಿ, ಮಿಲ್ಲಿನಲ್ಲಿ ಹೊದೆಯಲು ಬೇಕೆಂದು ಅಪ್ಪ ಒಯ್ದ ಕೌದಿ ಅದು.

ಕೈ ನಿಂತಿತು. ಫಾರ್ಮಿನ ಮೇಲೆ ಮಸಿ ಬಿತ್ತು. ಎಷ್ಟು ರಾತ್ರಿ ಇಲ್ಲಿ ಮಲಗುತ್ತಾರೆ ಎಂಬ ಮುಂದಿನ ಪ್ರಶ್ನೆಯನ್ನು ನಾನೇ ಕೇಳಿರಬೇಕು, ಯಾಕೆಂದರೆ ಉತ್ತರ ನೆನಪಿದೆ.

"ವಾರದಾಗ ನಾಕು ರಾತ್ರಿ ಇಲ್ಲಿರ್ತಾರ್ರಿ. ಮೂರು ರಾತ್ರಿ ದೊಡ್ಡ ಮನಿಗೆ ಹೋಗ್ತಾರ. ನಾ ಮೊದಲನೇ ಗಂಡ ಸತ್ತ ಮ್ಯಾಲ ಇವರ ಜೋಡಿ ಉಡಿಕಿ ಆದಾಕಿ. ಸುಳ್ಯಾಕ ಹೇಳಲಿ. ದೊಡ್ಡ ಮನಿಯಾಗ ಒಬ್ಬಾಕಿ ಮಗಳದಾಳ, ಭಾಳ ಶಾಣ್ಯಾಕಿ ಅಂತ. ಪರೀಕ್ಷಾದಾಗ ಫೇಲ್ ಆದ್ಲಂತ. ಆ ವಾರ ಇವರು ಇಲ್ಲಿ ತುತ್ತು ಬಾಯಾಗಿಡಲಿಲ್ಲ."

ಆಕೆ ಚಹಾ ಇಟ್ಟಳು. ಕುಡಿಯದೆ ಎದ್ದು ಬಂದೆ. ಯಜಮಾನನ ಹೆಸರಿನ ಗೆರೆ ಖಾಲಿ ಇದೆ.

೪ ಡಿಸೆಂಬರ್

ಜ್ವರ ಎಂದು ಹೇಳಿ ಮಲಗಿದೆ. ಜ್ವರ ಇಲ್ಲ.

೬ ಡಿಸೆಂಬರ್

ಅಪ್ಪ ಬಂದ. ಕಟ್ಟೆಯ ಮೇಲೆ ಕೂತು ಕಡ್ಡಿಯಿಂದ ಉಗುರಿನೊಳಗಿನ ಆಯಿಲ್ ತೆಗೆಯುತ್ತಿದ್ದ. ಫಾರ್ಮು ಹಿಡಿದುಕೊಂಡು ಮುಂದೆ ನಿಂತೆ.

"ಯಪ್ಪಾ, ನಿನ್ನ ಹೆಸರು ಎಲ್ಲೆ ಬರೀಲಿ?"

ಅವನು ಫಾರ್ಮು ನೋಡಿದ. "ಯಾರ ಹೇಳಿದ್ರು?"

"ನಿನ್ನ ಮಗಳ ಹೇಳಿದ್ಲು. ಸಣ್ಣಾಕಿ."

ಅವನು ಬೈಯುತ್ತಾನೆ ಅಥವಾ ಅಳುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕಡ್ಡಿಯನ್ನು ಮುರಿದು ಎರಡು ಮಾಡಿ, ಎರಡನ್ನೂ ಒಗೆದ.

"ಅಕಿ ಒಬ್ಬಾಕಿ ಅದಾಳ ಅಂತ ಬರಿ, ನೀಲವ್ವ. ನಾ ಇಲ್ಲಂದ್ರ ಅಕಿಗೆ ಮನಿ ಸಿಗ್ತದ. ಆ ತಗಡ ನೋಡೀದೆಲ್ಲ."

ಅದು ನಿಜ. ವರ್ಷಕ್ಕೆ ಮೂರೂವರೆ ಸಾವಿರದೊಳಗೆ ಗಳಿಕೆ ಇದ್ದವರಿಗೆ ಮಾತ್ರ ಮನೆ. ಅವನ ಹೆಸರು ಬಿದ್ದರೆ ಅವನ ಪಗಾರವೂ ಬೀಳುತ್ತದೆ. ಆಕೆ ಪಟ್ಟಿಯಿಂದ ಹೊರಗೆ.

"ಸುಳ್ಳ ಬರೀಲೇನು?"

"ಒಂದ ಗೆರಿ ಖಾಲಿ ಬಿಟ್ರ ಸುಳ್ಳಾತೇನು?"

ಇಲ್ಲಿ ಇನ್ನೊಂದು ಮಾತನ್ನೂ ಬರೆದಿಡಬೇಕು. ಹೆಸರು ಬರೆದರೆ ಆಕೆಯ ಮನೆ ತಪ್ಪುತ್ತದೆ ಎಂದು ತಿಳಿದಾಗ ನನಗೆ ಸಂತೋಷವಾಯಿತು. ನಿಜವೇ ನನ್ನ ಪರವಾಗಿ ಕಲ್ಲು ಒಗೆದ ಹಾಗೆ. ಇಂಥದು ನನ್ನೊಳಗೆ ಇದೆಯೆಂದು ಗೊತ್ತಿರಲಿಲ್ಲ.

೭ ಡಿಸೆಂಬರ್

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೇಗೆ ಹೇಳಲಿ ಎಂದು ನಾಲ್ಕು ದಿನ ಒದ್ದಾಡಿದ್ದೆ. ಹೇಳಿದೆ. ಆಕೆ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ."

"ಎಂದಿನಿಂದ?"

"ಸಣ್ಣಾಕಿ ಹುಟ್ಟಿದಾಗಿಂದ."

"ಮತ್ತ ಆ ಕೌದಿ ಯಾರಿಗಂತ ಹೊಲದಿ?"

"ಕೂಸು ಥಂಡಿಗೆ ನಡಗಬೇಕೇನು? ಕೂಸೇನ ಮಾಡೈತಿ?"

"ನಿನಗ ಸಿಟ್ಟ ಬರಲಿಲ್ಲನ ಯವ್ವಾ?"

"ಬಂದಿತ್ತು. ಅದ ಸಿಟ್ಟಿನ್ಯಾಗ ಹೊಲದೀನಿ. ಹೊಲಿಗಿ ಟಾಕಿ ನೋಡು, ಹೆಂಗ ಒತ್ತೊತ್ತಿ ಬಿದ್ದಾವು."

ಊರಿಗೆಲ್ಲ ಗೊತ್ತಂತೆ. ಬಾಜೂ ಮನೆಯ ಮಲ್ಲಕ್ಕನಿಗೆ ಗೊತ್ತು, ಹಿಟ್ಟಿನ ಗಿರಣಿಯವನಿಗೆ ಗೊತ್ತು. ನನಗೊಬ್ಬಳಿಗೇ ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆ.

"ನಿನ್ನ ಬಾಯಾಗ ಖರೇ ಮಾತು ನಿಲ್ಲೂದಿಲ್ಲ. ಬಿಸಿ ಬದ್ನಿಕಾಯಿ ಹಾಕ್ಕೊಂಡಾಕಿ ಹಂಗ ಉಗುಳತಿ."

ಆಗ ನಾನು ಪರೀಕ್ಷೆಯ ಮಾತು ಉಗುಳಿದೆ. ಅವತ್ತು ಕುಂದಗೋಳದ ಪೇಟೆಯಲ್ಲಿ ಹೋಗುವಾಗ ಮುಂದೆ ಒಬ್ಬ ಮನುಷ್ಯ ಹೋಗುತ್ತಿದ್ದ. ಹೆಗಲ ಮೇಲೆ ಕೂಸು. ಅಪ್ಪನದೇ ನಡಿಗೆ, ಎಡಗಾಲು ತುಸು ಹೊರಗೆ. ಹಿಂದೆ ಹಿಂದೆ ಹೋದೆ. ರೈಲ್ವೆ ಗೇಟು ಬಿತ್ತು. ಮಾಲಗಾಡಿ ಡಬ್ಬಿ ಎಣಿಸುತ್ತ ನಿಂತೆ, ನಲವತ್ತೆರಡು. ಗೇಟು ತೆರೆದಾಗ ಅವನಿರಲಿಲ್ಲ, ನನ್ನ ಪರೀಕ್ಷೆಯೂ ಇರಲಿಲ್ಲ. ಅವನು ಅಪ್ಪನಲ್ಲ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ.

ಅವ್ವನ ಕೈ ಈಗ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

"ಅಂದ್ರ ನಿನಗೂ ಗೊತ್ತಿತ್ತು," ಎಂದಳು.

ಇಲ್ಲ ಎಂದೆ. ಅವ್ವ ಹೊತ್ತಿದ ರೊಟ್ಟಿಯನ್ನು ಬದಿಗಿಟ್ಟು ಇನ್ನೊಂದು ಹಿಟ್ಟಿನ ಮುದ್ದೆ ತೆಗೆದುಕೊಂಡಳು. ಇಲ್ಲ ಎಂದದ್ದು ನಿಜವೋ ಅಲ್ಲವೋ ಇಷ್ಟು ಹೊತ್ತಾದರೂ ನನಗೆ ಹೇಳಲಾಗುತ್ತಿಲ್ಲ.

೯ ಡಿಸೆಂಬರ್

ಖಾಲಿ ಗೆರೆ ಇರುವ ಫಾರ್ಮು ನಡೆಯುವುದಿಲ್ಲ ಎಂದು ಮಾಸ್ತರರು ತಿರುಗಿ ಕೊಟ್ಟರು. ಮತ್ತೆ ಏಳನೆಯ ಜೋಪಡಿಗೆ ಹೋದೆ. ನಾನು ಯಾರೆಂದು ಬಾಗಿಲಲ್ಲೇ ಹೇಳಿದೆ.

ಫಕೀರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದು ನಿಂತಳು. ಕೌದಿಯನ್ನು ಮಡಚಿ ನನ್ನ ಕೈಗೆ ಕೊಡಲು ಬಂದಳು, ನಾನು ಅದನ್ನೇ ಕೇಳಲು ಬಂದವಳ ಹಾಗೆ. ಇಟ್ಟುಕೊಳ್ಳಿರಿ ಎಂದೆ. ಆಮೇಲೆ ಇದ್ದದ್ದನ್ನು ಹೇಳಿದೆ. ಹೆಸರು ಬರೆದರೆ ಮನೆ ಸಿಗುವುದಿಲ್ಲ, ನೀವೊಬ್ಬರೇ ಎಂದು ಬರೆದರೆ ಸಿಗುತ್ತದೆ, ಅಪ್ಪ ಹಾಗೇ ಬರಿ ಎಂದಿದ್ದಾನೆ.

"ಅವರು ಹಂಗಂದ್ರ?"

"ಹೂಂ."

"ಈ ಕೂಸಿನ್ನ ಸಾಲಿಗೆ ಹಚ್ಚಾಕ ಹೋಗಿದ್ದೆ ಯವ್ವಾ. ಹೆಡ್ಡಮಾಸ್ತರ್ರು ಅಪ್ಪನ ಹೆಸರ ಹೇಳ್ರಿ ಅಂದ್ರು. ಇವರು ಜೋಡಿ ಬರ್ತೀನಂದಾವರು ಬಂದಿರಲಿಲ್ಲ. ನಾ ಹೆಂಗ ಹೇಳಲಿ? ಕೂಸು ಹೇಳಿದ್ರ ಕೂಸಿನ ಮಾತು ಯಾರ ಬರಕೋತಾರ? ಚೀಟಿ ತರ್ರಿ ಅಂದ್ರು. ತಿರಿಗಿ ಬಂದ್ವಿ." ಆಕೆ ತಗಡಿನ ತೂತು ನೋಡಿದಳು. "ಸೋರೂದು ವರ್ಷಕ್ಕ ಮೂರ ತಿಂಗಳು. ಬರೀರಿ."

"ಮನಿ ಹೋಗ್ತದ್ರಿ."

"ನಾ ಕೇಳಿಸ್ಕೊಂಡೀನಿ. ಬರೀರಿ."

ಪೆನ್ನು ತೆರೆದೆ. ನನಗೆ ಹೆಸರು ಗೊತ್ತಿತ್ತು, ಕೇಳಬೇಕಾಗಿರಲಿಲ್ಲ. ಆದರೆ ಆಕೆ ಗೋಡೆಯ ಕಡೆ ಮುಖ ಮಾಡಿ ತನ್ನ ಬಾಯಿಂದಲೇ ಹೇಳಿದಳು. ಒಡಪು ಇಲ್ಲ, ನಗು ಇಲ್ಲ.

"ಮಡಿವಾಳೆಪ್ಪ."

ಬರೆದೆ. ಮೂರು ಜನ, ಒಂದು ಒಲೆ, ನಾಲ್ಕು ರಾತ್ರಿ. ಕಾಯ್ದೆ ಪ್ರಕಾರ ಯಜಮಾನನ ಹೆಸರಿರುವ ಚೀಟಿ ಹರಿದು ಕೊಟ್ಟೆ. ಆಕೆ ಅದನ್ನು ಕನ್ನಡಿಯ ಹಿಂದೆ ಸಿಕ್ಕಿಸಿದಳು. ಇವತ್ತು ಚಹಾ ಕುಡಿದೆ. ಬೆಲ್ಲ ಹೆಚ್ಚಾಗಿತ್ತು.

ಫಾರ್ಮು ನೋಡಿದ ಮಾಸ್ತರರು ನನ್ನ ಹಾಜರಿಯಲ್ಲಿರುವ ತಂದೆಯ ಹೆಸರನ್ನು ನೋಡಿದರು, ಮತ್ತೆ ಫಾರ್ಮು ನೋಡಿದರು. "ಇದನ್ನ ನಾ ಹೋಗಿ ಬರೀತಿದ್ನೆಲ್ಲ ಬೇಟಿ," ಎಂದರು.

೧೫ ಡಿಸೆಂಬರ್

ಬಜಾರ ಓಣಿಯಲ್ಲಿ ಉಳಿದಿದ್ದ ಮನೆಗಳು. ಒಬ್ಬ ಮುದುಕ ಕೋಳಿ ಇಲ್ಲ ಎಂದ, ಬುಟ್ಟಿಯಡಿ ಕೋಳಿ ಕೂಗಿತು. ಇಲ್ಲ ಎಂದು ಬರೆದೆ.

೨೯ ಡಿಸೆಂಬರ್

ಪಟ್ಟಿ ಹಚ್ಚಿದ್ದಾರೆ. ನಲವತ್ತು ಹೆಸರು. ಎಮ್ಮೆ ಬೀಗರದೆಂದ ಹೆಂಗಸಿನ ಹೆಸರೂ ಇಲ್ಲ, ಫಕೀರವ್ವನದೂ ಇಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದರೂ ಮೂರು ಸಲ ಮೇಲಿನಿಂದ ಓದಿದೆ.

೫ ಜನವರಿ ೧೯೮೭

ಮಿಲ್ಲಿನ ಮಾಲೀಕರು ಗೋದಾಮು ಕಟ್ಟಿಸುತ್ತಾರಂತೆ. ಸಂಕ್ರಮಣದೊಳಗೆ ಹನ್ನೊಂದೂ ಜೋಪಡಿ ತೆರವಾಗಬೇಕು. ಇದು ನನಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿರುವ ಎಂಟು ಮನೆಯವರಿಗೆ ಹೋಗಲು ಜಾಗವಿದೆ. ಮೂರು ಮನೆಯವರಿಗೆ ಇಲ್ಲ. ಓಡುತ್ತಲೇ ಹೋದೆ.

ಫಕೀರವ್ವ ಬೋಗುಣಿ ತಿಕ್ಕುತ್ತಿದ್ದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಚೀಟಿ ತೋರಿಸಿ ಬಂದೆ," ಎಂದಳು. "ಹೆಡ್ಡಮಾಸ್ತರ್ರು ಹೆಸರ ಬರಕೊಂಡಾರ. ಜೂನದಾಗ ಕಳಸ್ರಿ ಅಂದಾರ." ಲಕ್ಷ್ಮವ್ವ ನನ್ನ ಪೆನ್ನು ಕಸಿದು ಅಂಗೈ ಮೇಲೆ ಗೀಚಿಕೊಂಡಳು.

ಬಾಗಿಲ ಹಲಗೆಯ ಮೇಲೆ ಸರ್ವೆಗೆಂದು ನಾನೇ ಬರೆದ ನಂಬರು ಹಾಗೇ ಇದೆ. ನಿಜ ಬರೆದೆ. ಒಂದಕ್ಷರವೂ ತಪ್ಪಿಲ್ಲ. ಆ ಹಲಗೆಯನ್ನು ಮುಂದಿನ ವಾರ ಕೀಳುತ್ತಾರೆ.

೮ ಜನವರಿ

ಅಪ್ಪ ಎರಡು ದಿನ ಕುಂದಗೋಳದಲ್ಲಿ ಬಾಡಿಗೆ ಕೋಣೆ ಹುಡುಕಿದ. ಕೇಳಿದ ಕಡೆಯಲ್ಲೆಲ್ಲ, "ಇವರು ನಿನಗೇನಾಗಬೇಕಪಾ?" ಎಂದು ಕೇಳಿದರಂತೆ. ತಿರುಗಿ ಬಂದ.

ಅವ್ವ ನನ್ನನ್ನು ಹಿತ್ತಲ ಕಡೆ ಕರೆದಳು. "ಹಿಂದಿನ ಖೋಲಿ ತೆರವು ಮಾಡು."

ಅದು ನನ್ನ ಕೋಣೆ. ಟ್ರಂಕು, ಪುಸ್ತಕ, ಈ ಡೈರಿ ಎಲ್ಲ ಅಲ್ಲೇ. ನೀನು ಹೇಗೆ ಸೇರಿಸಿಕೊಳ್ಳುತ್ತಿ, ಜನ ಏನೆನ್ನುತ್ತಾರೆ ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಆಶ್ಚರ್ಯ.

"ಜನಾ ಏನಂತಾರ ಅಂತ ಆರು ವರ್ಷ ಕೇಳೀನಿ. ಈಗ ಹೊಸಾದೇನಂತಾರ? ಅಕಿ ಮ್ಯಾಲ ನನಗ ಪ್ರೀತಿ ಉಕ್ಕಿಲ್ಲ, ತಿಳಕೋ. ಬರದಾಕಿ ನೀ. ಜಾಗಾನೂ ನೀನ ಕೊಡಬೇಕು."

೧೩ ಜನವರಿ

ಬಂದರು. ಒಂದು ಚಕ್ಕಡಿಯಲ್ಲಿ ಇಡೀ ಸಂಸಾರ ಹಿಡಿಯಿತು: ನಾಲ್ಕು ಬೋಗುಣಿ, ಕನ್ನಡಿ, ಕೌದಿ, ನಂಬರಿನ ಹಲಗೆ. ಹಲಗೆ ಯಾಕೆ ತಂದಿರಿ ಎಂದು ಕೇಳಿದೆ. ರೊಟ್ಟಿ ಬಡಿಯಲು ಬರುತ್ತದೆ ಎಂದಳು ಫಕೀರವ್ವ.

ಮಲ್ಲಕ್ಕ ಗೋಡೆಯಾಚೆ ನಿಂತು ನೋಡುತ್ತಿದ್ದಳು. "ಬಂದ ನೋಡ ಬೇ, ದೂರದಿಂದ ಕಣ್ಣ ನೋವ್ತಾವು," ಎಂದು ಅವ್ವ ಕರೆದಳು. ಮಲ್ಲಕ್ಕ ಒಳಗೆ ಹೋದಳು.

ಹಿತ್ತಲಲ್ಲಿ ಅವ್ವ, ಫಕೀರವ್ವ ಇಬ್ಬರೂ ಮಣ್ಣು ಕಲಸಿ ಒಲೆ ಹಾಕಿದರು, ಒಬ್ಬರ ಮುಖ ಒಬ್ಬರು ನೋಡದೆ. ಕೆಲಸ ಮಾತ್ರ ಒಂದೇ ಕೈ ಮಾಡಿದ ಹಾಗೆ ನಡೆಯಿತು. ಅಪ್ಪ ಬೆಳಗಿನಿಂದ ಕಟ್ಟೆಯ ಮೇಲೆ ಕೂತವನು ಮಧ್ಯಾಹ್ನ ಮೆಲ್ಲಗೆ ಕೇಳಿದ. "ನಾ ಎಲ್ಲೆ ಉಣ್ಣಲಿ?"

"ನಾಕು ದಿನಾ ಅಲ್ಲಿ ಉಣ್ರಿ, ಮೂರು ದಿನಾ ಇಲ್ಲಿ ಉಣ್ರಿ," ಎಂದಳು ಅವ್ವ. "ನಿಮ್ಮ ಮಗಳ ಬರದ ಇಟ್ಟಾಳಲ್ಲ."

ಫಕೀರವ್ವ ಮಣ್ಣಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಕಾಣಲಿಲ್ಲ.

೧೬ ಜನವರಿ

ಪಡಸಾಲೆಯಲ್ಲಿ ಮಲಗುತ್ತಿದ್ದೇನೆ. ಕುತುಬುದ್ದೀನ ಮಾಸ್ತರರು ಹೇಳಿ ಕಳಿಸಿದ್ದಾರೆ. ಗದಗ-ಬೆಟಗೇರಿಯಲ್ಲಿ ಇಂಥದೇ ಸರ್ವೆ, ಬಹಳ ದೊಡ್ಡದು, ಆರು ತಿಂಗಳಾದರೂ ಮುಗಿಯುವುದಿಲ್ಲ. ಅವರ ತಂಗಿ ಗೌಸಬಿಯವರ ಮನೆಯಲ್ಲಿ ಇರಬಹುದು. ಏಪ್ರಿಲಿನಲ್ಲಿ ಅಲ್ಲೇ ಪರೀಕ್ಷೆಗೆ ಕೂಡುವಂತೆ ಫಾರ್ಮು ತಂದಿಟ್ಟಿದ್ದಾರಂತೆ. "ಈ ಸಲ ಗೇಟಿನ ತನಕಾ ನಾ ಬರ್ತೀನಿ," ಎಂದು ಹೇಳಿದ್ದಾರೆ.

ಪರೀಕ್ಷೆಯ ಮಾತನ್ನು ಅಪ್ಪನಿಗೂ ಹೇಳಿದೆ, ಯಾರ ಹಿಂದೆ ಹೋಗಿ ತಪ್ಪಿಸಿಕೊಂಡೆ ಎಂಬುದನ್ನೂ. ಅವನು ಎದ್ದು ಪೇಟೆಗೆ ಹೋಗಿ ಮಿರ್ಚಿ ಕಟ್ಟಿಸಿಕೊಂಡು ಬಂದ. ಪೊಟ್ಟಣವನ್ನು ಯಾರ ಕೈಗೆ ಕೊಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತ. ನಾನೇ ಇಸಿದುಕೊಂಡು ಎರಡು ತಾಟಿಗೆ ಹಾಕಿದೆ.

೧೮ ಜನವರಿ

ಟ್ರಂಕು ಕಟ್ಟಿದೆ. ಹಳೆಯ ಕನ್ನಡ ಪುಸ್ತಕವನ್ನು ತಂಗಿಗೆ ಬಿಟ್ಟಿದ್ದೇನೆ. ಮೊದಲ ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ ಅಪ್ಪನ ಹೆಸರು ಇತ್ತು. ನನ್ನದನ್ನು ಮಾತ್ರ ಹೊಡೆದು ಅವಳದನ್ನು ಬರೆದೆ. ಅವ್ವ ಹತ್ತು ರೊಟ್ಟಿ ಕಟ್ಟಿದ್ದಾಳೆ. ಹಿತ್ತಲಿನ ಒಲೆಯಿಂದ ಶೇಂಗಾ ಚಟ್ನಿ ಬಂದಿದೆ.

ನಾಳೆ ಮುಂಜಾನೆ ಏಳರ ಗಾಡಿಗೆ ಗದಗಕ್ಕೆ ಹೊರಡುತ್ತೇನೆ.